ಹಾಡುವವರ ಗಂಟಲಿಗೆ ತಕ್ಕ ತಂತಿ

ಬಾಯಮ್ಮ ಗಿಟಾರನ್ನು ಕೇಳುತ್ತಿದ್ದುದು ದವಡೆಯಿಂದ. ಅವರ ಮನೆಯ ಜಗಲಿಯಲ್ಲಿ ಕುಳಿತು ನಾನು ತಂತಿ ಮೀಟಿದರೆ, ಮಲ್ಲಿಗೆ ಕಟ್ಟುತ್ತಿದ್ದವರು ಒದ್ದೆ ಕೈಯನ್ನು ನೈಟಿಗೆ ಒರಸಿಕೊಂಡು ಎದ್ದು ಬರುತ್ತಿದ್ದರು. ಬಗ್ಗಿ, ನನ್ನ ತೊಡೆಯ ಮೇಲಿದ್ದ ಗಿಟಾರಿನ ಅಂಚಿಗೆ ಎಡದವಡೆಯನ್ನು ಒತ್ತಿ, ಒಂದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಿವಿಯ ಬೆಂಡೋಲೆ ಮರಕ್ಕೆ ತಾಗಿ ಟಿಕ್ ಎನ್ನುತ್ತಿತ್ತು. ಎಲೆಕ್ಟ್ರಿಕ್ ಗಿಟಾರಿಗೆ ಟೊಳ್ಳು ಹೊಟ್ಟೆಯಿಲ್ಲ, ಅದು ಬರೀ ಗಟ್ಟಿ ಹಲಗೆ. ಆಂಪ್ಲಿಫಯರಿಗೆ ವಯರು ಸಿಕ್ಕಿಸದಿದ್ದರೆ ಅದರ ಸದ್ದು ಸೊಳ್ಳೆಯ ಸದ್ದಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನಮ್ಮ ಬ್ಯಾಂಡಿನ ಆಂಪ್ಲಿಫಯರೋ ಪಡುಬಿದ್ರಿಯ ಷೆಡ್ಡಿನಲ್ಲಿ ಇರುತ್ತಿತ್ತು. ನಾನು ಬೈಕಿನಲ್ಲಿ ಬರೀ ಗಿಟಾರು ಬೆನ್ನಿಗೆ ಹಾಕಿಕೊಂಡು ಹೋಗುತ್ತಿದ್ದೆ. ಹಾಗಾಗಿ ಅವರು ಕಂಡುಕೊಂಡ ಉಪಾಯ ಇದು. ಎಲುಬಿನ ಮೂಲಕ ಕೇಳಿದರೆ ಸ್ವರ ನೇರ ತಲೆಯ ಒಳಗೆ ಬರುತ್ತದೆ ಎಂದು ಅವರ ವಾದ. ನಾನೂ ಮಾಡಿ ನೋಡಿದ್ದೇನೆ, ಸುಳ್ಳಲ್ಲ.

ಕ್ರೈಸ್ತರ ಮನೆಯ ಹೆಂಗಸರನ್ನು ನಾವು ತುಳುವರು ಬಾಯಮ್ಮ ಎಂದೇ ಕರೆಯುವುದು. ಆ ಲೆಕ್ಕದಲ್ಲಿ ಇನ್ನಂಜೆಯಲ್ಲಿ ಬಾಯಮ್ಮಂದಿರು ಬೇಕಾದಷ್ಟಿದ್ದಾರೆ. ಆದರೆ ಕಾಪುವಿನಿಂದ ಕಾರ್ಕಳದ ತನಕ ಮದುವೆ ಹಾಲ್‌ಗಳಲ್ಲಿ ನುಡಿಸಿಕೊಂಡು ತಿರುಗುವ ನಮ್ಮಂಥವರಿಗೆ ಬಾಯಮ್ಮ ಎಂದರೆ ಒಬ್ಬರೇ. ನಮ್ಮ ಬ್ಯಾಂಡಿನ ಹಾಡುಗಾರ್ತಿ ಅವರು. ನಾನು ಸೋಮವಾರದಿಂದ ಶನಿವಾರದವರೆಗೆ ಉಡುಪಿಯ ಒಂದು ಸಹಕಾರಿ ಸಂಘದ ಕೌಂಟರಿನಲ್ಲಿ ಕೂರುವವ. ಮದುವೆ ಇದ್ದ ದಿನ ಸಂಜೆ ಕೋಟು ಹಾಕಿ ಗಿಟಾರ್ ಹಿಡಿಯುವವ. ಈ ಎರಡರಲ್ಲಿ ಯಾವುದು ನನ್ನ ನಿಜವಾದ ಕೆಲಸ ಎಂದು ನನ್ನ ಹೆಂಡತಿಗೆ ಇವತ್ತಿಗೂ ಅನುಮಾನ ಉಂಟು.

ಮೊದಲ ದಿನ ಅವರು ನನ್ನನ್ನು ಮಣಿಪಾಲದ ಕಾಲೇಜಿನ ಹುಡುಗ ಎಂದು ತಿಳಿದು ಕನ್ನಡದಲ್ಲಿ ಮಾತಾಡಿಸಿದರು. ನಾನು ಕಾಪುವಿನ ಕಡಲ ಬದಿಯವ, ಮನೆಮಾತು ತುಳು ಎಂದು ಗೊತ್ತಾಗುವಷ್ಟರಲ್ಲಿ ಕನ್ನಡವೇ ಅಭ್ಯಾಸವಾಗಿ ಹೋಗಿತ್ತು. ಗಂಡನ ಹತ್ತಿರ ಕೊಂಕಣಿ, ಹೂ ಒಯ್ಯಲು ಬರುವವನ ಹತ್ತಿರ ತುಳು, ನನ್ನ ಹತ್ತಿರ ಮಾತ್ರ ಕನ್ನಡ. ನಡುವೆ ಪ್ರೀತಿ ಬಂದಾಗ ‘ಪುತಾ’ ಎನ್ನುತ್ತಿದ್ದರು, ಕೊಂಕಣಿಯಲ್ಲಿ ಮಗನೇ ಎಂದು. ಸಿಟ್ಟು ಬಂದಾಗ ‘ಮಾರಾಯ’.

ಆ ಮೊದಲ ದಿನ ಬಂದದ್ದು ಮಾರಾಯ. ಕಡಲ ಗಾಳಿಗೆ ಕಬ್ಬಿಣ ತಡೆಯುವುದಿಲ್ಲ. ಹೊಸ ತಂತಿ ಹಾಕಿದರೆ ವಾರದೊಳಗೆ ಕಂದು ಬಣ್ಣ. ನನ್ನ ಅಮ್ಮ ಕತ್ತಿಗೂ ತೆಂಗಿನಕಾಯಿ ತುರಿಯುವ ಮಣೆಯ ಹಲ್ಲಿಗೂ ತೆಂಗಿನೆಣ್ಣೆ ಸವರಿ ಇಡುತ್ತಿದ್ದುದನ್ನು ನೋಡಿ ಬೆಳೆದವನಲ್ಲವೇ ನಾನು, ಗಿಟಾರಿನ ತಂತಿಗೂ ಧಾರಾಳವಾಗಿ ಸವರಿದ್ದೆ. ತುಕ್ಕೇನೋ ಹಿಡಿಯಲಿಲ್ಲ. ಆದರೆ ಎಣ್ಣೆಗೆ ಧೂಳು ಅಂಟಿ, ಆ ಧೂಳು ತಂತಿಯ ಸುತ್ತುಗಳ ಒಳಗೆ ಸೇರಿ, ಮೀಟಿದರೆ ಒದ್ದೆ ಹಗ್ಗದ ಸದ್ದು. ಪಡುಬಿದ್ರಿಯ ಷೆಡ್ಡಿನಲ್ಲಿ ನಾನು ಮೊದಲ ಹಾಡು ಶುರು ಮಾಡುತ್ತಲೇ ಅವರು ಕೈ ಎತ್ತಿ ನಿಲ್ಲಿಸಿದರು. ಹತ್ತಿರ ಬಂದರು. ತಂತಿಗೆ ಬೆರಳು ತಾಗಿಸಿ ಮೂಸಿದರು.

“ಎಂತ ಮಾರಾಯ ಇದು? ಗಿಟಾರಿಗೆ ಅಭ್ಯಂಜನ ಮಾಡಿಸಿದ್ದೀಯಾ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು. ಆಮೇಲೆ ತಮ್ಮ ಕರವಸ್ತ್ರದಿಂದಲೇ ಒಂದೊಂದು ತಂತಿಯನ್ನೂ ಒರಸುತ್ತಾ, “ತೆಂಗಿನೆಣ್ಣೆ ತಲೆಗೆ ಉಂಟು, ಮೀನಿಗೆ ಉಂಟು. ಇದಕ್ಕೆ ಒಣ ಬಟ್ಟೆ ಸಾಕು. ಬಾರಿಸಿ ಆದ ಮೇಲೆ ಬೆವರು ಒರಸಿ ಇಡು” ಎಂದರು. ಗಿಟಾರ್ ಬಾರಿಸಲು ಬಾರದ ಹೆಂಗಸು ನನಗೆ ಕೊಟ್ಟ ಮೊದಲ ಪಾಠ ಅದು. ಇವತ್ತಿಗೂ ನನ್ನ ಚೀಲದಲ್ಲಿ ಒಂದು ಹಳೆಯ ಬನಿಯನ್ನಿನ ತುಂಡು ಇರುತ್ತದೆ.

ವೇದಿಕೆ ಹತ್ತುವ ಮೊದಲು ಅವರು ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ಒಳ್ಳೆಯ ರೇಷ್ಮೆ ಸೀರೆ, ಕುತ್ತಿಗೆಗೆ ಶಿಲುಬೆಯ ಸರ, ಕೆಳಗೆ ಬರಿಗಾಲು. ಬಾಯಲ್ಲಿ ಒಂದು ಕಾಳುಮೆಣಸು. ಹಾಡಿನ ಸಾಲು ಬರೆದ ಕಾಗದ ಹಿಡಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ನನ್ನ ವೇಗದ ಬೆರಳಾಟವೂ ಅಷ್ಟೇ. ಹಾಡಿನ ನಡುವೆ ನನಗೆ ಸ್ವಲ್ಪ ಜಾಗ ಸಿಕ್ಕಿತೆಂದರೆ ನಾನು ಬಿಡುವವನಲ್ಲ, ಗಿಟಾರಿನ ಕುತ್ತಿಗೆಯ ಈ ತುದಿಯಿಂದ ಆ ತುದಿಗೆ ಓಡಿ ಬರುತ್ತಿದ್ದೆ. ಕೆಳಗಿಳಿದ ಮೇಲೆ, “ಓ ಪುತಾ, ಜನ ಬಂದದ್ದು ಮದುಮಗಳನ್ನು ನೋಡಲಿಕ್ಕಾ, ನಿನ್ನ ಬೆರಳು ನೋಡಲಿಕ್ಕಾ?” ಎನ್ನುತ್ತಿದ್ದರು. ನಾನು ಮುಖ ಊದಿಸಿಕೊಂಡರೆ ತಟ್ಟೆಗೆ ಇಡ್ಲಿಯಂಥ ಇನ್ನೊಂದು ಸನ್ನ ಹಾಕಿ ಸಮಾಧಾನ ಮಾಡುತ್ತಿದ್ದರು.

ಆ ಓಟಕ್ಕೆ ಕಾರಣ ನನ್ನ ತಂತಿ. ಎಲೆಕ್ಟ್ರಿಕ್ ಗಿಟಾರಿನ ತಂತಿಯ ಪ್ಯಾಕೆಟ್ಟಿಗೆ ಅದರ ಅತಿ ತೆಳುವಾದ ತಂತಿಯ ದಪ್ಪದ ಮೇಲೆ ಹೆಸರು. ಒಂಬತ್ತು, ಹತ್ತು, ಹನ್ನೊಂದು, ಹೀಗೆ. ಒಂಬತ್ತು ಎಂದರೆ ತೆಳು, ಬೆರಳು ಬೆಣ್ಣೆಯ ಮೇಲೆ ಹೋದ ಹಾಗೆ ಹೋಗುತ್ತದೆ, ಎಳೆದರೆ ಬಾಗುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ದಪ್ಪ, ಬೆರಳಿಗೆ ಕಷ್ಟ, ಸದ್ದು ತುಂಬಿದ್ದು. ನಾನು ಒಂಬತ್ತರ ಭಕ್ತ. ಯಾರಾದರೂ ಹತ್ತು ಹಾಕುತ್ತೇನೆ ಎಂದರೆ ಅವರಿಗೆ ವಯಸ್ಸಾಯಿತು ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಇನ್ನಂಜೆಯ ಆ ಮನೆಯ ಅಂಗಳ ಪೂರ್ತಿ ಮಲ್ಲಿಗೆ ಗಿಡ. ಗಲ್ಫಿನಿಂದ ವಾಪಸು ಬಂದ ಮೇಲೆ ಅವರ ಗಂಡ, ನಮ್ಮ ಬಾಯಲ್ಲಿ ಪೊರ್ಬುಗಳು, ಮಾಡಿದ ಕೆಲಸ ಅದು. ಬೆಳಿಗ್ಗೆ ಬೇಗ ಮೊಗ್ಗು ಕೊಯ್ಯುವುದು ಪೊರ್ಬುಗಳು, ಕಟ್ಟುವುದು ಬಾಯಮ್ಮ. ರಜೆಯ ದಿನ ಬೆಳಿಗ್ಗೆಯೇ ನಾನು ಹೋಗಿ ಕೂರುತ್ತಿದ್ದೆ. ಅವರು ಕಟ್ಟುತ್ತಾ ಹಾಡುತ್ತಿದ್ದರು, ನಾನು ಬಾರಿಸುತ್ತಿದ್ದೆ. ಬಾಳೆನಾರನ್ನು ನೀರಿನಲ್ಲಿ ನೆನೆಸಿ ಉಗುರಿನಿಂದ ಸೀಳುತ್ತಿದ್ದರು. ಮೊಗ್ಗು ಸಣ್ಣದಿರುವ ದಿನ ತೆಳುವಾಗಿ, ಉಬ್ಬಿದ ದಿನ ಸ್ವಲ್ಪ ದಪ್ಪಕ್ಕೆ. ನನಗೆ ಎಲ್ಲ ಒಂದೇ ಕಾಣುತ್ತಿತ್ತು. ಕೇಳಿದ್ದಕ್ಕೆ, “ತೆಳು ಆದರೆ ತೊಟ್ಟು ತುಂಡಾಗ್ತದೆ, ದಪ್ಪ ಆದರೆ ಹೂ ನಿಲ್ಲುವುದಿಲ್ಲ. ಮೊದಲು ಮೊಗ್ಗು ನೋಡುವುದು, ಆಮೇಲೆ ನಾರು ಸೀಳುವುದು” ಎಂದರು. ಹೂವಿನ ವಿಷಯ ಹೇಳಿದ್ದು ಅಂತಲೇ ನಾನು ತಿಳಿದೆ.

ಅವರ ಹಾಡು ಎಂದೇ ಹೆಸರಾದ ಒಂದು ಕೊಂಕಣಿ ಹಾಡು ಇತ್ತು. ಮದುಮಕ್ಕಳು ಮದುವೆ ಹಾಲ್‌ಗೆ ಬಂದು, ಕೇಕು ಕತ್ತರಿಸಿ ಆಗಿ, ಮೊದಲ ಸಲ ಜೋಡಿಯಾಗಿ ಕುಣಿಯುವಾಗ ಹಾಡುವುದು. ಅದರ ಉದ್ದಕ್ಕೂ ನನ್ನ ಗಿಟಾರಿನ ಅತಿ ದಪ್ಪದ, ಕೆಳಸ್ವರದ ತಂತಿಯನ್ನು ಬೆರಳು ಒತ್ತದೆ ಬಿಟ್ಟು ಬಾರಿಸಬೇಕು. ಅದು ಹಿಂದೆ ಗುಂಯ್ ಎನ್ನುತ್ತಾ ಇರಬೇಕು. ಒಮ್ಮೆ ನಾನು ಹುಮ್ಮಸ್ಸಿನಲ್ಲಿ ಅದನ್ನು ಬಿಟ್ಟು ಮೇಲೆಲ್ಲೋ ಬಾರಿಸಿದಾಗ ಹಾಡು ಮುಗಿದ ಕೂಡಲೇ ಕಿವಿ ಹಿಂಡಿದರು, ನಿಜವಾಗಿಯೂ ಹಿಂಡಿದರು. “ಆ ತಂತಿ ನನಗೆ ನೆಲ. ನೆಲ ತೆಗೆದರೆ ನಾನು ಎಲ್ಲಿ ನಿಲ್ಲುವುದು?”

ಇಷ್ಟು ಚೆನ್ನಾಗಿ ನಡೆಯುತ್ತಿದ್ದಾಗ ಅವರ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಥೈರಾಯ್ಡ್. ಮಣಿಪಾಲದಲ್ಲಿ ತೋರಿಸಿದರು, ಗಂಟು ಕೆಟ್ಟದ್ದಲ್ಲ, ಆದರೆ ತೆಗೆಯಲೇಬೇಕು ಎಂದಾಯಿತು. ಸ್ವರ ಮೊದಲಿನ ಹಾಗೆ ಇರಲಿಕ್ಕಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನಾನು ಹಣ್ಣು ಹಿಡಿದುಕೊಂಡು ನೋಡಲು ಹೋದೆ. ಬಾಗಿಲಲ್ಲಿ “ಬಾ ಪುತಾ” ಎಂದರು. ಬೇರೆ ಯಾರೋ ಒಳಗಿನಿಂದ ಕರೆದ ಹಾಗಿತ್ತು. ಸ್ವರ ಕೆಳಗೆ ಹೋಗಿತ್ತು, ಅಂಚಿನಲ್ಲಿ ಒಂದು ಗರಗರ ಸೇರಿತ್ತು. ನನ್ನ ಮುಖ ನೋಡಿ ಅವರೇ, “ಮುಖ ಎಂತಕ್ಕೆ ಹಾಗೆ ಮಾಡ್ತೀ? ಗಂಡಸರ ಸ್ವರ ಬಂದಿದೆ ನನಗೆ. ಇನ್ನು ಪೊರ್ಬುಗಳಿಗೆ ಜೋರು ಮಾಡಲಿಕ್ಕೆ ಸುಲಭ” ಎಂದು ನಕ್ಕರು. ಪೊರ್ಬುಗಳು ನಗಲಿಲ್ಲ, ಎದ್ದು ಗಿಡಗಳ ಕಡೆ ಹೋದರು.

ಆ ಮನೆಯಲ್ಲಿ ಆಗ ಮಗಳ ಮದುವೆ ನಿಶ್ಚಯವಾಗಿತ್ತು. ಒಬ್ಬಳೇ ಮಗಳು. ಸಣ್ಣವಳಿದ್ದಾಗ ಅಮ್ಮನ ಜತೆ ಊರವರ ಮದುವೆಗಳಿಗೆಲ್ಲ ಬಂದು, ವೇದಿಕೆಯ ಹಿಂದೆ ಎರಡು ಕುರ್ಚಿ ಜೋಡಿಸಿ ಮಲಗಿ ಬೆಳೆದವಳು. ಒಮ್ಮೆ ಆಕೆ, “ಮಮ್ಮಿ, ಎಲ್ಲರ ಮದುವೆಗೂ ಹಾಡ್ತೀ, ನನ್ನದಕ್ಕೆ ಯಾರು ಹಾಡುವುದು?” ಎಂದು ಕೇಳಿದ್ದಳಂತೆ. “ರೋಸಿನಿಂದ ಹಿಡಿದು ಕೊನೆಯ ಹಾಡಿನ ತನಕ ನಾನೇ” ಎಂದು ಇವರು ಮಾತು ಕೊಟ್ಟಿದ್ದರು. ರೋಸ್ ಎಂದರೆ ಮದುವೆಯ ಹಿಂದಿನ ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಆಗ ಹೆಂಗಸರು ಹೇಳುವ ಹಾಡುಗಳಿಗೆ ವೊವಿಯೊ ಎನ್ನುತ್ತಾರೆ. ಒಬ್ಬರು ಎತ್ತಿಕೊಡಬೇಕು, ಉಳಿದವರು ಹೇಳಬೇಕು, ವಾದ್ಯ ಇಲ್ಲ. ಸುತ್ತಲಿನ ಮನೆಗಳ ಹುಡುಗಿಯರಿಗೆಲ್ಲ ಎತ್ತಿಕೊಟ್ಟವರು ಬಾಯಮ್ಮ. ತನ್ನ ಮಗಳಿಗೆ ಬೇರೆಯವರು ಎತ್ತಿಕೊಡುವುದನ್ನು ನೋಡಿಕೊಂಡು ಸುಮ್ಮನೆ ಕೂರುವುದು ಅವರಿಂದ ಆಗುವ ಮಾತಲ್ಲ.

ನಮ್ಮ ಬ್ಯಾಂಡಿನ ಯಜಮಾನರು ಡ್ರಮ್ಸ್ ಬಾರಿಸುವವರು, ಕೆಟ್ಟ ಮನುಷ್ಯರಲ್ಲ. ನನಗೆ ಫೋನು ಮಾಡಿ, “ಮಗಳ ಮದುವೆಯ ದಿನ ಅಷ್ಟು ಜನರ ಎದುರು ಸ್ವರ ಒಡೆದರೆ ಪಾಪ, ಅವರ ಗತಿ ಎಂತ? ಕಾರ್ಕಳದಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಅವಳಿಗೆ ಹೇಳಿ ಇಡ್ತೇನೆ. ನೀನು ಬಾಯಮ್ಮನಿಗೆ ಹೇಗಾದರೂ ಹೇಳು” ಎಂದರು. ಹೇಳುವ ಕೆಲಸ ಯಾವಾಗಲೂ ನನಗೇ ಬರುತ್ತದೆ, ನನ್ನ ಹಣೆಬರಹ.

ಹೋದೆ. ನಾನು ವಿಷಯ ಎತ್ತುವುದಕ್ಕಿಂತ ಮೊದಲು ಅವರೇ, “ಗಿಟಾರ್ ತೆಗೆ, ಆ ಹಾಡು ಬಾರಿಸು” ಎಂದರು. ಬಾರಿಸಿದೆ. ಮೊದಲ ಸಾಲು ಬಂತು. ಎರಡನೆಯ ಸಾಲು ಮೇಲೇರುವಲ್ಲಿ ಗಾಳಿ ಮಾತ್ರ ಬಂತು, ಸ್ವರ ಬರಲಿಲ್ಲ. ಇನ್ನೊಮ್ಮೆ. ಅಷ್ಟೇ. ಕುತ್ತಿಗೆಯ ಗಾಯದ ಗೀಟಿನ ಮೇಲೆ ಕೈ ಇಟ್ಟುಕೊಂಡರು. ಆಮೇಲೆ, “ಇಳಿಸು” ಎಂದರು.

ಇಳಿಸುವುದು ಕೀಬೋರ್ಡಿನವನಿಗೆ ಸುಲಭ. ಒಂದು ಗುಂಡಿ ಒತ್ತಿದರೆ ಇಡೀ ಪೆಟ್ಟಿಗೆಯ ಸ್ವರ ಕೆಳಗಿಳಿಯುತ್ತದೆ. ನಾನು ತಂತಿಯನ್ನೇ ಸಡಿಲ ಮಾಡಬೇಕು. ಮಾಡಿದೆ. “ಇನ್ನೂ ಇಳಿಸು.” ಇನ್ನೂ ಮಾಡಿದೆ. “ಇನ್ನೂ ಸ್ವಲ್ಪ.” ಅಷ್ಟರಲ್ಲಿ ನನ್ನ ಒಂಬತ್ತರ ತಂತಿಗಳು ಬಟ್ಟೆ ಒಣಗಿಸುವ ಹಗ್ಗದ ಹಾಗೆ ಜೋತು ಬಿದ್ದಿದ್ದವು. ಮೀಟಿದರೆ ಪಟಪಟ ಎಂದು ಕೆಳಗಿನ ಪಟ್ಟಿಗಳಿಗೆ ಬಡಿಯುತ್ತಿದ್ದವು. ಬೆರಳು ಸ್ವಲ್ಪ ಜೋರಾಗಿ ಒತ್ತಿದರೆ ಸ್ವರ ಎತ್ತಲೋ ಹೋಗುತ್ತಿತ್ತು. ಬಾಯಮ್ಮ ದವಡೆ ಇಟ್ಟು ಕೇಳಿದರು. “ಇದೆಂತ, ನೆಲ ಅಲ್ಲಾಡ್ತಾ ಉಂಟು.”

ನಾನು ಹೇಳಿದೆ. “ಬಾಯಮ್ಮ, ಹಾಡು ಬೇರೆ ಆರಿಸುವ. ಏರಿಳಿತ ಕಡಿಮೆ ಇರುವಂಥದ್ದು. ಇಲ್ಲದಿದ್ದರೆ ಆ ಮೇಲಿನ ಸಾಲು ಕಾರ್ಕಳದ ಹುಡುಗಿ ಹಾಡಲಿ, ನೀವು ಉಳಿದದ್ದು ಹಾಡಿ.”

ಅವರು ಜೋತು ಬಿದ್ದ ಒಂದು ತಂತಿಯನ್ನು ಬೆರಳಿನಿಂದ ಎತ್ತಿ ನೋಡಿದರು. “ದಪ್ಪದ್ದು ಸಿಗುವುದಿಲ್ವಾ?”

“ಎಂತ ದಪ್ಪದ್ದು?”

“ತಂತಿ. ದಪ್ಪ ಇದ್ದರೆ ಇಷ್ಟು ಇಳಿಸಿದರೂ ಬಿಗಿ ಇರುವುದಿಲ್ವಾ?”

“ಇರ್ತದೆ. ಹನ್ನೊಂದು, ಹನ್ನೆರಡು ಹಾಕಬೇಕು. ಆದರೆ ನನ್ನ ಕೈಗೆ ಅದು ಅಭ್ಯಾಸ ಇಲ್ಲ ಬಾಯಮ್ಮ.”

“ನನ್ನ ಗಂಟಲು ಬದಲಾಯಿಸಲಿಕ್ಕೆ ಆಗುವುದಿಲ್ಲ ಮಾರಾಯ. ನಿನ್ನ ತಂತಿ ಬದಲಾಯಿಸಬಹುದಲ್ವಾ?”

ಅಷ್ಟು ವರ್ಷ ನನ್ನ ಬೆರಳಿಗೆ ಯಾವುದು ಸುಖ ಎಂದು ನೋಡಿ ತಂತಿ ಕೊಂಡವನು ನಾನು. ಹಾಡುವವರ ಗಂಟಲು ನೋಡಿ ತಂತಿ ಕೊಳ್ಳಬಹುದು ಎಂದು ಯಾರೂ ಹೇಳಿರಲಿಲ್ಲ. ಬಾಳೆನಾರು ಸೀಳುತ್ತಾ ಅವರು ಹೇಳಿದ್ದು ನೆನಪಾಯಿತು.

ಉಡುಪಿಯಲ್ಲಿ ಹುಡುಕಿ ಹನ್ನೆರಡರ ಪ್ಯಾಕೆಟ್ ತಂದೆ. ತಂದರೆ ಇನ್ನೊಂದು ತೊಂದರೆ. ಗಿಟಾರಿನ ಕುತ್ತಿಗೆಯ ತುದಿಯಲ್ಲಿ ಎಲುಬಿನ ಒಂದು ಸಣ್ಣ ತುಂಡು ಇರುತ್ತದೆ, ಅದರ ಕಚ್ಚುಗಳಲ್ಲಿ ತಂತಿಗಳು ಕೂರುತ್ತವೆ. ದಪ್ಪ ತಂತಿ ಆ ಕಚ್ಚುಗಳಿಗೆ ಇಳಿಯಲಿಲ್ಲ. ಅರದಿಂದ ಉಜ್ಜಿ ಅಗಲ ಮಾಡಬೇಕು. ಮಾಡಿದರೆ ಮತ್ತೆ ತೆಳು ತಂತಿ ಅಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ನಾನು ಅರ ಹಿಡಿದುಕೊಂಡು ಅವರ ಜಗಲಿಯಲ್ಲಿ ಗಿಟಾರನ್ನೇ ನೋಡುತ್ತಾ ಕೂತಿದ್ದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಕೊಂಡ ಗಿಟಾರು ಅದು.

“ಉಜ್ಜಿದರೆ ಪುನಃ ತುಂಬಲಿಕ್ಕೆ ಆಗ್ತದಾ?” ಬಾಯಮ್ಮ ಕೇಳಿದರು.

“ಇಲ್ಲ. ತುಂಡನ್ನೇ ತೆಗೆದು ಬೇರೆ ಹಾಕಬೇಕು.”

“ಹಾಗಾದರೆ ಯೋಚನೆ ಮಾಡಿ ಉಜ್ಜು. ನನ್ನ ಕುತ್ತಿಗೆಗೆ ಕತ್ತಿ ಹಾಕುವ ಮೊದಲು ಡಾಕ್ಟರೂ ಯೋಚನೆ ಮಾಡಿದ್ದಾರೆ.”

ನಗು ಬಂತು. ನಕ್ಕುಕೊಂಡೇ ಉಜ್ಜಿದೆ. ಬಿಳಿ ಹುಡಿ ಮಲ್ಲಿಗೆಯ ಮೇಲೆ ಬೀಳದ ಹಾಗೆ ಅವರು ಹೂವಿನ ಬುಟ್ಟಿಯನ್ನು ಆಚೆ ಎಳೆದುಕೊಂಡರು. ಹೊಸ ತಂತಿ ಹಾಕಿ, ಅವರ ಸ್ವರದ ಮಟ್ಟಕ್ಕೆ ಇಳಿಸಿ ಮೀಟಿದೆ. ಬಡಿತ ಇಲ್ಲ, ಅಲುಗಾಟ ಇಲ್ಲ. ಸೋಜಿಗ ಏನೆಂದರೆ ಬೆರಳಿಗೂ ನಾನು ಹೆದರಿದಷ್ಟು ಕಷ್ಟ ಆಗಲಿಲ್ಲ. ದಪ್ಪ ತಂತಿಯನ್ನು ಅಷ್ಟು ಕೆಳಗೆ ಇಳಿಸಿದಾಗ ಅದರ ಎಳೆತ ನನ್ನ ಹಳೆಯ ತೆಳು ತಂತಿಯ ಎಳೆತಕ್ಕಿಂತ ಹೆಚ್ಚೇನೂ ಇರಲಿಲ್ಲ. ಬಾಯಮ್ಮ ದವಡೆ ಒತ್ತಿ, ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಬೆಂಡೋಲೆ ಟಿಕ್ ಎಂದಿತು. “ಇಳಿದರೂ ಸಡಿಲ ಆಗಲಿಲ್ಲ ನೋಡು” ಎಂದರು. ಆಮೇಲೆ ಎರಡನೆಯ ಸಾಲು ಹಾಡಿದರು. ಗರಗರ ಇತ್ತು, ಇರಲಿ. ಸ್ವರ ಬಂತು. ಗಿಡಗಳ ನಡುವೆ ಇದ್ದ ಪೊರ್ಬುಗಳು ಎದ್ದು ನಿಂತದ್ದು ನನಗೆ ಕಂಡಿತು. ಯಜಮಾನರಿಗೆ ಅಂದೇ ಫೋನು ಮಾಡಿ, ಕಾರ್ಕಳದವಳು ಸದ್ಯಕ್ಕೆ ಬೇಡ ಎಂದೆ.

ರೋಸಿನ ಸಂಜೆ ಅಂಗಳದಲ್ಲಿ ಚಪ್ಪರ. ಮಲ್ಲಿಗೆ ಗಿಡಗಳನ್ನು ತುಳಿಯದ ಹಾಗೆ ಸುತ್ತ ಹಗ್ಗ ಕಟ್ಟಿದ್ದರು. ನಾವು ಬ್ಯಾಂಡಿನವರು ಒಂದು ಮೂಲೆಯಲ್ಲಿ ಬಾರಿಸುತ್ತಿದ್ದೆವು. ವೊವಿಯೊ ಶುರುವಾಗುವ ಹೊತ್ತಿಗೆ ನಿಲ್ಲಿಸಿ, ಆಂಪ್ಲಿಫಯರು ಆರಿಸಿದೆವು. ಮದುಮಗಳು ಮಣೆಯ ಮೇಲೆ ಕೂತಳು. ಬಾಯಮ್ಮ ತೆಂಗಿನ ಹಾಲಿನ ಪಾತ್ರೆಯ ಹತ್ತಿರ ನಿಂತು, ಅದ್ದಿದ ಕೈಯನ್ನು ಮಗಳ ತಲೆಯ ಮೇಲಿಟ್ಟು ಎತ್ತಿಕೊಟ್ಟರು.

ಹಳೆಯ ಅಭ್ಯಾಸ. ಮೊದಲಿನ ಆ ಎತ್ತರದ ಸ್ವರದಲ್ಲೇ ಎತ್ತಿಕೊಂಡುಬಿಟ್ಟರು. ಅಷ್ಟು ವರ್ಷ ಅಷ್ಟು ಹುಡುಗಿಯರಿಗೆ ಎತ್ತಿಕೊಟ್ಟ ಎತ್ತರ ಅದು, ನಾಲಿಗೆಗೆ ಬೇರೆ ಗೊತ್ತಿಲ್ಲ. ಸಾಲಿನ ನಡುವೆ ಸ್ವರ ಒಡೆಯಿತು. ಹೆಂಗಸರು ಹೇಳಲು ಬಾಯಿ ತೆರೆದವರು ಹಾಗೆಯೇ ನಿಂತರು. ಯಾರೋ ಒಬ್ಬರು, “ನೀವು ಕೂತ್ಕೊಳ್ಳಿ ಬಾಯಮ್ಮ, ನಾನು ಎತ್ತಿಕೊಡ್ತೇನೆ” ಎಂದು ಒಳ್ಳೆಯ ಮನಸ್ಸಿನಿಂದಲೇ ಮುಂದೆ ಬಂದರು. ಮದುಮಗಳು ತಲೆ ಎತ್ತಿ ಅಮ್ಮನನ್ನು ನೋಡಿದಳು. ಆ ಮುಖ ನಾನು ಮರೆಯುವುದಿಲ್ಲ.

ಬಾಯಮ್ಮ ಕೂರಲಿಲ್ಲ. ಚಪ್ಪರ ದಾಟಿ ಸೀದಾ ನನ್ನ ಹತ್ತಿರ ಬಂದರು. ನನಗೆ ಅರ್ಥವಾಯಿತು, ಆಂಪ್ಲಿಫಯರಿನ ಸ್ವಿಚ್ಚಿಗೆ ಕೈ ಹಾಕಿದೆ. ತೆಂಗಿನ ಹಾಲಿನ ಒದ್ದೆ ಕೈಯಿಂದ ನನ್ನ ಕೈ ಹಿಡಿದರು.

“ಬೇಡ. ನನಗೆ ಮಾತ್ರ.”

ಬಗ್ಗಿ ದವಡೆ ಇಟ್ಟರು. ನಾನು ಕೆಳಸ್ವರದ ಆ ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಅಷ್ಟು ಜನರಲ್ಲಿ ಅದು ಕೇಳಿದ್ದು ಅವರಿಗೊಬ್ಬರಿಗೇ. ಇನ್ನೊಮ್ಮೆ ಮೀಟಿದೆ. ಅವರ ಉಸಿರು ನನ್ನ ಕೈಗೆ ತಾಗುತ್ತಿತ್ತು. ತಲೆ ಎತ್ತಿ, ಆ ಸ್ವರವನ್ನು ಬಾಯಿಯೊಳಗೇ ಹಿಡಿದುಕೊಂಡು, ತುಂಬಿದ ಕೊಡ ಹೊತ್ತವರ ಹಾಗೆ ಮೆಲ್ಲಗೆ ಮಗಳ ಹತ್ತಿರ ವಾಪಸು ನಡೆದರು. ಎತ್ತಿಕೊಟ್ಟರು. ಕೆಳಗೆ, ಗಂಡಸರ ಸ್ವರದಷ್ಟೇ ಕೆಳಗೆ. ಹೆಂಗಸರಿಗೆ ಮೊದಲ ಸಾಲು ಕಷ್ಟವಾಯಿತು, ಒಬ್ಬೊಬ್ಬರಾಗಿ ಇಳಿದು ಬಂದರು. ಎರಡನೆಯ ಸಾಲಿಗೆ ಎಲ್ಲರೂ ಅವರ ಜತೆ ಇದ್ದರು. ಮಗಳ ಮುಖದ ಮೇಲೆ ತೆಂಗಿನ ಹಾಲು ಯಾವುದು, ಕಣ್ಣೀರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಹೇಳಲು ನನಗೆ ನಾಚಿಕೆ ಇಲ್ಲ.

ಮರುದಿನ ಮದುವೆ ಹಾಲ್‌ನಲ್ಲಿ ಆ ಕೊಂಕಣಿ ಹಾಡನ್ನೂ ಬರಿಗಾಲಿನಲ್ಲಿ ನಿಂತು ಹಾಡಿದರು. ನಾನು ಒಂದೇ ಒಂದು ಓಟ ಓಡಲಿಲ್ಲ. ಕೆಳಸ್ವರದ ತಂತಿಯನ್ನು ಬೆರಳು ಒತ್ತದೆ ಬಾರಿಸುತ್ತಾ ಇದ್ದೆ, ಅಷ್ಟೇ. ಕೆಳಗಿಳಿದ ಮೇಲೆ ಅವರು ನನ್ನ ಬೆರಳಿನ ಬಗ್ಗೆ ಏನೂ ಹೇಳದೆ ಇದ್ದದ್ದು ಅದೇ ಮೊದಲು.

ಆಮೇಲೆ ಕೆಲವು ವರ್ಷ ಬಾಯಮ್ಮ ಆ ಸ್ವರದಲ್ಲೇ ಹಾಡಿದರು. ಜನ ಅದನ್ನೂ ಇಷ್ಟಪಟ್ಟರು. ಕೊನೆಗೆ ಮಂಡಿನೋವು, ಹೃದಯದ ತೊಂದರೆ ಎಂದು ವೇದಿಕೆ ಬಿಟ್ಟರು. ಅವರ ಜಾಗಕ್ಕೆ ಕಾರ್ಕಳದ ಆ ಹುಡುಗಿ ಬಂದಳು. ಒಳ್ಳೆಯ ಸ್ವರ, ಎತ್ತರದ ಸ್ವರ. ಆದರೆ ನನ್ನ ಗಿಟಾರು ಬಾಯಮ್ಮನ ಮಟ್ಟದಲ್ಲೇ ಇತ್ತು, ಹನ್ನೆರಡರ ತಂತಿಯೂ ಹಾಗೆಯೇ. ಅದನ್ನು ತೆಗೆಯುವುದೆಂದರೆ ಅವರನ್ನು ತೆಗೆದ ಹಾಗೆ ಎಂದು ನನ್ನ ಭಾವನೆ. ಹುಡುಗಿಯೂ ಪಾಪ, ದೊಡ್ಡವರಿಗೆ ಎದುರಾಡಬಾರದೆಂದು ಇಳಿದು ಇಳಿದು ಹಾಡುತ್ತಿದ್ದಳು.

ಒಂದು ಮದುವೆಯ ವಿಡಿಯೊ ಯಾರದೋ ಮೊಬೈಲಿನಿಂದ ಬಾಯಮ್ಮನಿಗೆ ಹೋಯಿತು. ಮರುದಿನ ನಾನು ಕೌಂಟರಿನಲ್ಲಿ ಇದ್ದಾಗಲೇ ಫೋನು.

“ಆ ಹುಡುಗಿಯನ್ನು ಎಂತಕ್ಕೆ ಬಾವಿಗೆ ಇಳಿಸಿದ್ದೀಯಾ?”

“ಎಂತ ಬಾಯಮ್ಮ?”

“ಅವಳ ಸ್ವರ ಇರುವುದು ಮೇಲೆ. ನೀನು ಅವಳನ್ನು ಕೆಳಗೆ ಎಳೆದು ಹಾಡಿಸ್ತಾ ಇದ್ದೀ. ಅವಳ ಗಂಟಲಿಗೆ ನನ್ನ ತಂತಿ ಯಾಕೆ?”

“ನಿಮ್ಮ ನೆನಪಿಗೆ ಇರಲಿ ಅಂತ...”

“ನಾನು ಇನ್ನೂ ಸತ್ತಿಲ್ಲ ಮಾರಾಯ! ಆದಿತ್ಯವಾರ ಗಿಟಾರ್ ತೆಕ್ಕೊಂಡು ಬಾ. ತೆಳು ತಂತಿಯೂ ತಾ. ಆ ಎಲುಬಿನ ತುಂಡೂ ಹೊಸತು ತಾ.” ಎಲುಬಿನ ತುಂಡನ್ನು ಅವರು ಮರೆತಿರಲಿಲ್ಲ.

ಹೋದಾಗ ಅವರು ಮಂಚದಲ್ಲಿದ್ದರು, ಕಿಟಕಿಯ ಹತ್ತಿರ. ತುಂಬಾ ಇಳಿದುಹೋಗಿದ್ದರು. ಬೆಂಡೋಲೆ ಮಾತ್ರ ಇತ್ತು. ಪೊರ್ಬುಗಳು ಚಹಾ ತಂದಿಟ್ಟರು. ನಾನು ನೆಲದ ಮೇಲೆ ಕೂತು ಹನ್ನೆರಡರ ತಂತಿಗಳನ್ನು ಒಂದೊಂದಾಗಿ ಬಿಚ್ಚಿದೆ. ಉಜ್ಜಿದ ಎಲುಬಿನ ತುಂಡನ್ನು ತೆಗೆದು ಹೊಸತನ್ನು ಕೂರಿಸಿದೆ. ಒಂಬತ್ತರ ತಂತಿ ಹಾಕಿ ಮೇಲೆ, ಮೊದಲಿನ ಮಟ್ಟಕ್ಕೆ ಏರಿಸಿದೆ. ಅವರು ಮಲಗಿದಲ್ಲಿಂದಲೇ ಎಲ್ಲವನ್ನೂ ನೋಡುತ್ತಿದ್ದರು.

“ಹತ್ತಿರ ತಾ.”

ಗಿಟಾರನ್ನು ಎತ್ತಿ ದಿಂಬಿನ ಪಕ್ಕ ಹಿಡಿದೆ. ಅವರು ಮುಖ ತಿರುಗಿಸಿ ದವಡೆಯನ್ನು ಅದಕ್ಕೆ ತಾಗಿಸಿ ಕಣ್ಣು ಮುಚ್ಚಿದರು. ನಾನು ಕೆಳಸ್ವರದ ತಂತಿಯನ್ನು ಮೀಟಿದೆ. ಅದು ನಿಲ್ಲುವ ತನಕ ಕೇಳಿದರು.

“ಹಾಂ. ಸರಿಯಾಯಿತು,” ಎಂದರು. “ಇದು ನನ್ನದಲ್ಲ.”

ಅಷ್ಟು ಹೇಳಿ ನನ್ನ ಕೆನ್ನೆ ತಟ್ಟಿದರು. ಅವರ ಮುಖದಲ್ಲಿ ಬೇಸರ ಇರಲಿಲ್ಲ. ಕೆಲಸ ಮುಗಿಸಿ ಹೂವಿನ ಬುಟ್ಟಿಯನ್ನು ಕಳಿಸಿಕೊಟ್ಟ ಮೇಲೆ ಜಗಲಿಯಲ್ಲಿ ಕೂರುತ್ತಿದ್ದರಲ್ಲ, ಆ ಮುಖ.

ಮಲ್ಲಿಗೆ ಜೋರಾಗಿ ಅರಳುವ ತಿಂಗಳಲ್ಲಿ ಅವರು ತೀರಿಕೊಂಡರು. ಇಗರ್ಜಿಯಲ್ಲಿ ಕಾರ್ಕಳದ ಹುಡುಗಿ ಹಾಡಿದಳು, ಅವಳದೇ ಎತ್ತರದಲ್ಲಿ. ನಾನು ಹಿಂದಿನ ಬೆಂಚಿನಲ್ಲಿ ಪೊರ್ಬುಗಳ ತಮ್ಮನ ಪಕ್ಕ ಕೂತು ಕೇಳಿದೆ. ಒಂದು ಸ್ವರವೂ ಒಡೆಯಲಿಲ್ಲ. ಬಾಯಮ್ಮ ಇದ್ದಿದ್ದರೆ ಖುಷಿಪಡುತ್ತಿದ್ದರು ಎನಿಸಿ, ದುಃಖದ ನಡುವೆಯೂ ನನಗೆ ಸಮಾಧಾನವಾಯಿತು.

ನನ್ನ ಸಂಗೀತಕ್ಕೆ ಗುರುಗಳು ಯಾರು ಎಂದು ಕೇಳಿದರೆ ನಾನು ಒಂದು ತಂತಿಯನ್ನೂ ಬಾರಿಸಲು ಬಾರದ ಅವರ ಬಗ್ಗೆ ಹೇಳುತ್ತೇನೆ. ಜನ ತಮಾಷೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಮೊನ್ನೆ ಸಂಘಕ್ಕೆ ಬಂದ ಮಣಿಪಾಲದ ದಂತವೈದ್ಯರೊಬ್ಬರು ನಾನು ಗಿಟಾರಿನವನೆಂದು ಗೊತ್ತಾಗಿ ಕೌಂಟರಿನ ಆಚೆಯೇ ನಿಂತರು. ಹೊಸದಾಗಿ ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದಾರಂತೆ. ಮನೆಯಲ್ಲಿ ಹೆಂಡತಿ ಮಕ್ಕಳೆಲ್ಲ ಸೇರಿ ಸಂಜೆ ಸ್ವಲ್ಪ ಹಾಡು ಅದು ಇದು ಮಾಡುತ್ತಾರಂತೆ. ಇಂಟರ್‌ನೆಟ್ಟಿನಲ್ಲಿ ಒಬ್ಬರು ಒಂಬತ್ತು ಎನ್ನುತ್ತಾರೆ, ಒಬ್ಬರು ಹತ್ತು ಎನ್ನುತ್ತಾರೆ, ತಲೆ ಕೆಟ್ಟುಹೋಗಿದೆ ಎಂದರು. “ನೀವೇ ಹೇಳಿ, ಯಾವ ನಂಬರಿನ ತಂತಿ ಹಾಕುವುದು?”

ನಾನು ಅವರ ಪಾಸ್‌ಬುಕ್ಕನ್ನು ಪಕ್ಕಕ್ಕಿಟ್ಟು ಕೇಳಿದೆ.

“ಮನೆಯಲ್ಲಿ ಹಾಡುವವರು ಯಾರು?”